ನೀಲಗಿರಿಯ ನಕ್ಷೆ: ಅಳತೆ ಮತ್ತು ಹೆಸರು

ಪಾಠದ ಉದ್ದೇಶ: ನಕ್ಷೆಯಲ್ಲಿ ಅಳತೆಯೂ ಹೆಸರೂ ಹೇಗೆ ಕೂಡಿಬರುತ್ತವೆ ಎಂಬುದನ್ನು ವಿದ್ಯಾರ್ಥಿಗಳು ತಮ್ಮ ನೆಲದಿಂದಲೇ ಅರಿಯುವುದು.

ವಿಷಯ ವಿವರಣೆ: ನಡುವಟ್ಟಂನಲ್ಲಿ ನಿಂತ ವಿದ್ಯಾರ್ಥಿಗೆ ಒಂದೆಡೆ ಏರುವ ಬೆಟ್ಟ, ಇನ್ನೊಂದೆಡೆ ಗೂಡಲೂರಿನತ್ತ ಇಳಿಯುವ ಕಣಿವೆ. ಸರಪಳಿ ಹಿಡಿದು ನಡೆಯಲಾಗದ ಇಂತಹ ನೆಲವನ್ನು ಅಳೆಯುವುದೆಂತು? ಉತ್ತರವು ತ್ರಿಭುಜದಲ್ಲಿದೆ. ಒಂದು ಬಾಹುವಿನ ಉದ್ದವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಉಳಿದೆರಡು ಬಾಹುಗಳನ್ನು ಲೆಕ್ಕದಿಂದ ಪಡೆಯಬಹುದು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಸುಮಾರು 12 ಕಿ.ಮೀ. ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದು, ಅಲ್ಲಿಂದ ತ್ರಿಭುಜಗಳನ್ನು ಒಂದಕ್ಕೊಂದು ಜೋಡಿಸುತ್ತ ಸಾಗಿದನು. ನೀಲಗಿರಿಯ ಮೋಜಣಿಯನ್ನು 1812ರಲ್ಲಿ ವಿಲಿಯಂ ಕೀಸ್, 1821ರ ಸುಮಾರಿಗೆ ಬಿ. ಎಸ್. ವಾರ್ಡ್, 1847ರಲ್ಲಿ ಜಾನ್ ಔಕ್ಟರ್ಲೋನಿ ಕೈಗೊಂಡರು.

ಕೋನವನ್ನು ಅಳೆಯಲು ಉಪಕರಣವಿತ್ತು. ಹೆಸರನ್ನು ತಿಳಿಯಲು ಊರವರನ್ನೇ ಕೇಳಬೇಕಿತ್ತು. 2637 ಮೀಟರ್ ಎತ್ತರದ ಶಿಖರವು ನಕ್ಷೆಯಲ್ಲಿ ದೊಡ್ಡಬೆಟ್ಟವೆಂದೇ ಉಳಿಯಿತು. ಕೋಟಗಿರಿ ಎಂಬುದು ಕೋತರ ಕೇರಿ. ಆದರೆ ಉದಕಮಂಡಲದ ಸುತ್ತಲಿನ ಬೇರೆ ಬೆಟ್ಟಗಳು ಸ್ನೋಡನ್, ಎಲ್ಕ್ ಹಿಲ್ ಎನಿಸಿಕೊಂಡವು. ಗೂಡಲೂರಿನ ಓವ್ಯಾಲಿಯಲ್ಲಿರುವ ‘ಓ’ ಔಕ್ಟರ್ಲೋನಿ ಎಂಬುದರ ಮೊದಲಕ್ಷರ. ಮೋಜಣಿದಾರನ ಸೋದರ ಜೇಮ್ಸ್ ಅಲ್ಲಿ ಕಾಫಿ ತೋಟ ಮಾಡಿದನು. ಹೀಗೆ ನಕ್ಷೆಯ ಒಂದೊಂದು ಹೆಸರೂ ಯಾರ ಮಾತು ಬರಹಕ್ಕೆ ಬಂದಿತೆಂಬುದನ್ನು ತಿಳಿಸುತ್ತದೆ. ಬರಹಕ್ಕೆ ಬಾರದ ಹೆಸರು ಹಿರಿಯರೊಂದಿಗೇ ಮರೆಯಾಗುತ್ತದೆ.

ಚಟುವಟಿಕೆ 1: ಮೈದಾನದಲ್ಲಿ 10 ಮೀಟರ್ ಹಗ್ಗವನ್ನು ನೇರವಾಗಿ ಹಾಸಿರಿ. ಎದುರಿನ ಒಂದು ಮರವನ್ನು ಗುರಿಯಾಗಿಟ್ಟು, ಹಗ್ಗದ ಎರಡು ತುದಿಗಳಿಂದಲೂ ಕೋನಮಾಪಕದಿಂದ ಕೋನಗಳನ್ನು ಅಳೆಯಿಸಿರಿ. 1 ಸೆಂ.ಮೀ.ಗೆ 1 ಮೀಟರ್ ಪ್ರಮಾಣದಲ್ಲಿ ತ್ರಿಭುಜ ರಚಿಸಿ ಮರದ ದೂರವನ್ನು ಕಂಡುಹಿಡಿಯಲಿ. ಬಳಿಕ ಟೇಪಿನಿಂದ ಅಳೆದು ತಾಳೆ ನೋಡಲಿ. ವ್ಯತ್ಯಾಸ ಬಂದರೆ ಕಾರಣವನ್ನು ಅವರೇ ಹುಡುಕಲಿ.

ಚಟುವಟಿಕೆ 2: ಮನೆಯ ಹಿರಿಯರನ್ನು ಕೇಳಿ ಊರಿನ ಹಳ್ಳ, ದಿಣ್ಣೆ, ಹೊಲಗಳ ಹೆಸರುಗಳನ್ನು ಪ್ರತಿಯೊಬ್ಬರೂ ಬರೆದು ತರಲಿ. ಎಲ್ಲವನ್ನೂ ಸೇರಿಸಿ ತರಗತಿಯ ನಕ್ಷೆಯೊಂದನ್ನು ರಚಿಸಿರಿ.

ಶಿಕ್ಷಕರ ಗಮನಕ್ಕೆ: ಬಡಗ ನುಡಿಯ ಹೆಸರನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಬೇಡಿರಿ, ತೋಡ, ಕೋತ, ತಮಿಳು ಹೆಸರುಗಳನ್ನೂ ಕೇಳಿದಂತೆಯೇ ಬರೆಯಿಸಿರಿ. ಒಂದೇ ಸ್ಥಳಕ್ಕೆ ಎರಡು ಹೆಸರುಗಳಿದ್ದರೆ ಎರಡೂ ಇರಲಿ.

ಮೌಲ್ಯಮಾಪನ: ನಕ್ಷೆಯಲ್ಲಿ ಅಳತೆ ಸರಿಯಿದ್ದು ಹೆಸರು ತಪ್ಪಿದ್ದರೆ ಊರಿನವರಿಗೆ ಆಗುವ ನಷ್ಟವೇನು? ಐದು ವಾಕ್ಯಗಳಲ್ಲಿ ಬರೆಯಿಸಿರಿ.