ತೆನೆಯ ಹಿಂದಿನ ಗದ್ದೆ

ಮಕ್ಕಳೇ, ಜೂನ್ 5ರ ಪರಿಸರ ದಿನದಂದು ಇಗರ್ಜಿಯ ಅಂಗಳದಲ್ಲಿ ನೀವು ಗಿಡ ನೆಟ್ಟದ್ದು ನೋಡಿ ಸಂತೋಷವಾಯಿತು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅದಕ್ಕೆ ನೀರು ಹೊಯ್ಯುವವರು ಯಾರೆಂದು ಇವತ್ತೇ ಗೊತ್ತುಮಾಡಿಕೊಳ್ಳಿ. ಭೂಮಿಯ ಆರೈಕೆ ಎಂದರೆ ವರ್ಷಕ್ಕೊಮ್ಮೆ ನಡೆಯುವ ಕಾರ್ಯಕ್ರಮ ಎಂದು ನೀವು ತಿಳಿದುಬಿಡಬಾರದು ಎಂಬುದೇ ನನ್ನ ಕಳಕಳಿ. ಅದು ನಮ್ಮ ಪ್ರಾರ್ಥನೆ, ಉಪವಾಸ, ಹಬ್ಬಗಳ ಒಳಗೇ ಮೊದಲಿನಿಂದ ಇದೆ.

ಆದಿಕಾಂಡದ ಎರಡನೇ ಅಧ್ಯಾಯ ತೆರೆಯಿರಿ. ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಉಳುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ. 2015ರಲ್ಲಿ ಪೋಪ್ ಫ್ರಾನ್ಸಿಸ್ ಬರೆದ ‘ಲೌದಾತೊ ಸಿ’ ವಿಶ್ವಪತ್ರವನ್ನೂ ಓದಿ. ಜಗತ್ತಿನ ಅರ್ಥವ್ಯವಸ್ಥೆಯ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡಿದ ಅದೇ ಪತ್ರದಲ್ಲಿ ಉಣ್ಣುವಷ್ಟೇ ಬೇಯಿಸುವುದು, ಬೇಡದ ದೀಪ ಆರಿಸುವುದು, ಕಸ ಬೇರ್ಪಡಿಸುವುದು, ಊಟಕ್ಕೆ ಮುಂಚೆ ದೇವರಿಗೆ ಕೃತಜ್ಞತೆ ಹೇಳುವುದು ಎಲ್ಲವೂ ಬರುತ್ತದೆ. ಇಂಥ ಸಣ್ಣ ಕೆಲಸಗಳಿಂದ ಏನಾದೀತು ಎಂದು ಕೇಳುವವರು ನಿಮ್ಮಲ್ಲಿ ಇದ್ದೀರಿ. ಪೋಪರಿಗೆ ಅವು ಸಣ್ಣವಾಗಿ ಕಾಣಲಿಲ್ಲ.

ನಮ್ಮ ಕರಾವಳಿಯ ಮೊಂತಿ ಹಬ್ಬವನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅದರ ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಎಲೆಯಲ್ಲಿ ಹರಿವೆ ದಂಟು, ಬೆಂಡೆ, ಹಾಗಲ, ಅಮಟೆಕಾಯಿಗಳ ಊಟ. ಆ ದಿನ ಮೀನು ಮಾಂಸ ಇಲ್ಲ. ಇಡೀ ಹಬ್ಬವೇ ಮಣ್ಣಿಗೆ ಹೇಳುವ ಕೃತಜ್ಞತೆ.

ಆದರೆ ಈಗ ಅನೇಕ ಕಡೆ ಆ ತೆನೆಗಾಗಿ ಗದ್ದೆ ಇರುವವರನ್ನು ಹುಡುಕಿಕೊಂಡು ಹೋಗಬೇಕಾಗಿದೆ. ಗದ್ದೆಗಳು ಕೆಲವು ಅಡಿಕೆ ತೋಟವಾದವು, ಕೆಲವು ಮಣ್ಣು ತುಂಬಿಸಿಕೊಂಡು ಮನೆ ನಿವೇಶನಗಳಾದವು, ಉಳಿದವು ಬೇಸಾಯವಿಲ್ಲದೆ ಹಡಿಲು ಬಿದ್ದವು. ಹೋದದ್ದು ಭತ್ತ ಮಾತ್ರವಲ್ಲ, ಇದನ್ನು ನೀವು ಚೆನ್ನಾಗಿ ತಿಳಿಯಬೇಕು. ಮಳೆಗಾಲವಿಡೀ ಬದು ಕಟ್ಟಿ ನೀರು ನಿಲ್ಲಿಸಿಕೊಳ್ಳುತ್ತಿದ್ದ ಗದ್ದೆಯಿಂದ ಆ ನೀರು ಮೆಲ್ಲಮೆಲ್ಲನೆ ನೆಲಕ್ಕೆ ಇಳಿದು ಸುತ್ತಲಿನ ಬಾವಿಗಳಿಗೆ ಒದಗುತ್ತಿತ್ತು. ಗದ್ದೆ ಮುಚ್ಚಿದಲ್ಲಿ ಅದೇ ಮಳೆ ಒಂದೇ ಓಟಕ್ಕೆ ತೋಡು ಸೇರಿ, ಹೊಳೆ ಸೇರಿ, ಕಡಲಿಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ. ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರನ್ನೇ ನಂಬಿರುವ ಮಂಗಳೂರು ನಗರಕ್ಕೆ 2019ರಲ್ಲೂ 2023ರಲ್ಲೂ ಬೇಸಿಗೆಯಲ್ಲಿ ಪಾಳಿಯ ಮೇಲೆ ನೀರು ಬಿಡಬೇಕಾಯಿತು.

ಇಲ್ಲಿ ಮಳೆಗೇನೂ ಬರವಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ 100 ಲೀಟರ್. ಹಾಗಾದರೆ ಒಂದು ಮನೆಯ ಮಾಡಿನ ಮೇಲೇ ಮೂರೂವರೆ ಲಕ್ಷ ಲೀಟರ್ ಬಂದು ಬೀಳುತ್ತದೆ. ಮೊದಲ ಕೆಲವು ಮಳೆಯ ಕೊಳೆ ನೀರನ್ನು ಹೊರಗೆ ಬಿಡಿ. ಮುಂದಿನದನ್ನು ಜಲ್ಲಿ, ಇದ್ದಿಲು, ಮರಳಿನ ಮೂಲಕ ಸೋಸಿ ಬಾವಿಯ ಪಕ್ಕದ ಇಂಗುಗುಂಡಿಗೆ ಹರಿಸಿ. ನಿಮ್ಮ ಮನೆಗಿಂತ ಎಷ್ಟೋ ಪಟ್ಟು ದೊಡ್ಡ ಮಾಡು ಇಗರ್ಜಿಯದು, ಅದರ ಶಾಲೆಯದು, ಸಭಾಭವನದ್ದು. ಪಾಲನಾ ಪರಿಷತ್ತಿನಲ್ಲಿ ಈ ವಿಷಯ ಎತ್ತಲು ಹಿಂಜರಿಯಬೇಡಿ. ಗಂಟೆಗೋಪುರಕ್ಕೆ ಬಣ್ಣ ಬಳಿಯುವುದಕ್ಕೆ ಹಣ ಒದಗುವಲ್ಲಿ ಇದಕ್ಕೂ ಒದಗುತ್ತದೆ.

ಕಸದ ವಿಷಯವನ್ನು ನಾನು ಕಟುವಾಗಿಯೇ ಹೇಳುತ್ತೇನೆ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಕುಸಿದು ಪಕ್ಕದ ಮಂದಾರದ ಮನೆಗಳ ಮೇಲೆ, ತೆಂಗು ಅಡಿಕೆ ತೋಟಗಳ ಮೇಲೆ ಹರಿಯಿತು. ನಗರವೆಲ್ಲ ಬಿಸಾಡಿದ್ದನ್ನು ಅಲ್ಲಿನ ಕೆಲವೇ ಕುಟುಂಬಗಳು ಅನುಭವಿಸಿದವು. ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ, ವಾರ್ಷಿಕ ಹಬ್ಬಕ್ಕೆ ತಂದ ಪ್ಲಾಸ್ಟಿಕ್ ಲೋಟ, ಫ್ಲೆಕ್ಸು, ಕ್ರಿಸ್ಮಸ್ ಗೋದಲಿಯ ಥರ್ಮೋಕೋಲು, ನವೆಂಬರ್ 2ರಂದು ಸಮಾಧಿಯ ಮೇಲಿಡುವ ಪ್ಲಾಸ್ಟಿಕ್ ಹೂ, ಇವೂ ಯಾರದೋ ಅಂಗಳದ ಪಕ್ಕಕ್ಕೇ ಹೋಗಿ ಬೀಳುತ್ತವೆ. ನೆರೆಯವರನ್ನು ಪ್ರೀತಿಸಬೇಕೆಂದು ಕಲಿತವರು ಆ ಅಂಗಳ ಯಾರದೆಂದು ಕೇಳಬೇಕಲ್ಲವೇ? ಪಾಪನಿವೇದನೆಗೆ ಮುಂಚೆ ಆತ್ಮಪರಿಶೀಲನೆ ಮಾಡುವಾಗ ಈ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ. ಗೋದಲಿಗೆ ಹಸಿರು ಬೇಕಿದ್ದರೆ ಡಿಸೆಂಬರ್ ಮಧ್ಯದಲ್ಲಿ ತಟ್ಟೆಯಲ್ಲಿ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸಿ, ನಮ್ಮ ಹಿರಿಯರು ಮಾಡುತ್ತಿದ್ದ ಹಾಗೆ. ತಪಸ್ಸುಕಾಲದ ಶುಕ್ರವಾರ ಮಾಂಸ ಬಿಡುವಾಗ ಸ್ಕೂಟರನ್ನೂ ಮನೆಯಲ್ಲಿ ಬಿಟ್ಟು, ಶಿಲುಬೆಯ ಹಾದಿಗೆ ನಡೆದೇ ಬನ್ನಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ನಿಮ್ಮ ಯುವಜನ ಸಂಘಕ್ಕೆ ಅದು ದೊಡ್ಡದಲ್ಲ. ನಿಮ್ಮ ವಾಡೆಯಲ್ಲಿ ಹಡಿಲು ಬಿದ್ದ ಒಂದು ಗದ್ದೆ ಎಲ್ಲಿದೆ ಎಂದು ವಾಡೆಯ ಮುಖಂಡರಾದ ಗುರ್ಕಾರರನ್ನು ಕೇಳಿ. ಯಜಮಾನರು ಯಾವ ಮತದವರಾದರೂ ಸರಿ, ಏಪ್ರಿಲ್‌ನಲ್ಲೇ ಹೋಗಿ ಮಾತಾಡಿ. ಬದು ಸರಿಮಾಡಲು, ಹಟ್ಟಿಗೊಬ್ಬರ ಹೊರಲು ಸಮಯ ಬೇಕು. ಮೇ ಕೊನೆಗೆ ಬೀಜ ಹಾಕಿದರೆ ಮೊಂತಿ ಹಬ್ಬದ ಹೊತ್ತಿಗೆ ತೆನೆ ಬರುತ್ತದೆ. ಪೈರು ಕಿತ್ತು ನೆಡುವುದು ನಿಮಗೆ ಬರುವುದಿಲ್ಲ, ಗೊತ್ತು. ಬಲ್ಲ ಹೆಂಗಸರು ಊರಿನಲ್ಲಿ ಇನ್ನೂ ಇದ್ದಾರೆ. ಅವರಿಗೆ ಸಲ್ಲಬೇಕಾದ ಕೂಲಿ ಕೊಟ್ಟು ಕರೆಯಿರಿ, ಅವರ ಜೊತೆಗೇ ಕೆಸರಿಗೆ ಇಳಿದು ಕಲಿಯಿರಿ.