ಮುಕ್ತ ತಂತ್ರಾಂಶ: ಅದರ ಉಗಮ ಮತ್ತು ಧ್ಯೇಯ

ಗಣಿತದ ಪುಸ್ತಕವೊಂದರಲ್ಲಿ ಲೆಕ್ಕಗಳ ಉತ್ತರಗಳನ್ನು ಮಾತ್ರ ಅಚ್ಚುಮಾಡಿ, ಅವುಗಳನ್ನು ಪಡೆದ ರೀತಿಯನ್ನು ಮರೆಮಾಡಿದ್ದಾರೆಂದು ಭಾವಿಸೋಣ. ಆ ಪುಸ್ತಕದಿಂದ ಕೆಲಸವೇನೋ ಸಾಗಬಹುದು. ಆದರೆ ಉತ್ತರ ಸರಿಯೇ ಎಂದು ಪರೀಕ್ಷಿಸುವುದಾಗಲಿ, ಅದೇ ರೀತಿಯನ್ನು ಬೇರೊಂದು ಲೆಕ್ಕಕ್ಕೆ ಅನ್ವಯಿಸುವುದಾಗಲಿ ಸಾಧ್ಯವಾಗದು. ಇಂದು ನಾವು ಬಳಸುವ ತಂತ್ರಾಂಶಗಳಲ್ಲಿ ಎಷ್ಟೋ ಇಂಥ ಪುಸ್ತಕದಂತೆಯೇ ಇವೆ.

ಗಣಕಯಂತ್ರವು ಅರಿಯುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳ ಸಾಲುಗಳನ್ನು. ಅವು ಮನುಷ್ಯನಿಗೆ ಸುಲಭವಾಗಿ ಅರ್ಥವಾಗವು. ಆದ್ದರಿಂದ ಅವನು ತನಗೆ ತಿಳಿಯುವ ಸಾಂಕೇತಿಕ ಭಾಷೆಯೊಂದರಲ್ಲಿ ಆಜ್ಞೆಗಳನ್ನು ಬರೆಯುತ್ತಾನೆ. ಇದೇ ಆಕರ ಸಂಕೇತ, ಅಥವಾ ಸೋರ್ಸ್ ಕೋಡ್. ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶವು ಅದನ್ನು ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಯಂತ್ರರೂಪದಿಂದ ಮೂಲವನ್ನು ಮರಳಿ ಪಡೆಯುವುದು ಬಹು ಕಷ್ಟ. ಹೀಗಿರಲು, ಆಕರವನ್ನು ಬಚ್ಚಿಟ್ಟು ಯಂತ್ರರೂಪವನ್ನು ಮಾತ್ರ ಮಾರಿದರೆ, ಕೊಂಡವನು ಅದನ್ನು ಬಳಸಬಲ್ಲನೇ ಹೊರತು ತಿದ್ದಲಾರನು.

ಗಣಕಗಳ ಆರಂಭದ ದಶಕಗಳಲ್ಲಿ ಪ್ರಯೋಗಶಾಲೆಗಳವರು ಆಕರವನ್ನು ಪರಸ್ಪರ ಹಂಚಿಕೊಳ್ಳುವುದು ರೂಢಿಯಾಗಿತ್ತು. ಕ್ರಮೇಣ ತಂತ್ರಾಂಶವೇ ಮಾರಾಟದ ಸರಕಾಗಲು, ಈ ರೂಢಿಯು ಸಡಿಲವಾಯಿತು. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಯೋಗಶಾಲೆಗೆ ಝೆರಾಕ್ಸ್ ಸಂಸ್ಥೆಯ ಮುದ್ರಣಯಂತ್ರವೊಂದು ಬಂದಿತು. ಅದರಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಯಂತ್ರದಲ್ಲಿ ಹೀಗಾದಾಗ ಬಳಕೆದಾರರಿಗೆ ಸೂಚನೆ ಹೋಗುವಂತೆ ರಿಚರ್ಡ್ ಸ್ಟಾಲ್‌ಮನ್ ಎಂಬಾತ ತಂತ್ರಾಂಶವನ್ನು ಮಾರ್ಪಡಿಸಿದ್ದನು. ಹೊಸತರಲ್ಲಿಯೂ ಹಾಗೆ ಮಾಡೋಣವೆಂದರೆ ಆಕರವು ದೊರೆಯಲಿಲ್ಲ. ಅದನ್ನು ಹೊಂದಿದ್ದವರು ಗೋಪ್ಯತೆಯ ಕರಾರಿಗೆ ಬದ್ಧರಾಗಿದ್ದರು.

ಸಂಗತಿ ಚಿಕ್ಕದು, ಪರಿಣಾಮ ದೊಡ್ಡದು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್‌ಮನ್ನನು ಗ್ನೂ ಎಂಬ ಸಂಪೂರ್ಣ ಸ್ವತಂತ್ರ ವ್ಯವಸ್ಥೆಯನ್ನು ರಚಿಸುವುದಾಗಿ ಸಾರಿದನು. 1985ರಲ್ಲಿ ಅದಕ್ಕಾಗಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದನು. ಆತನು ಪ್ರತಿಪಾದಿಸಿದ ಸ್ವಾತಂತ್ರ್ಯಗಳು ನಾಲ್ಕು: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವುದು, ಅದನ್ನು ಅಧ್ಯಯನ ಮಾಡಿ ತಿದ್ದುವುದು, ಪ್ರತಿಗಳನ್ನು ಹಂಚುವುದು, ತಿದ್ದಿದ ಪ್ರತಿಗಳನ್ನೂ ಹಂಚುವುದು. ಇಂಗ್ಲಿಷಿನ 'ಫ್ರೀ' ಎಂಬ ಮಾತಿಗೆ ಬಿಟ್ಟಿ, ಸ್ವತಂತ್ರ ಎಂಬ ಎರಡರ್ಥಗಳುಂಟು. ಇಲ್ಲಿ ಗ್ರಾಹ್ಯವಾದುದು ಎರಡನೆಯದು.

ಆದರೆ ಮುಕ್ತವಾಗಿ ಪಡೆದುದನ್ನು ಯಾರಾದರೂ ತಿದ್ದಿ ಮತ್ತೆ ಬಚ್ಚಿಟ್ಟರೆ ಗತಿಯೇನು? ಇದಕ್ಕೆ 1989ರಲ್ಲಿ ಪ್ರಕಟವಾದ ಜಿ.ಪಿ.ಎಲ್. ಎಂಬ ಪರವಾನಗಿಯು ಉಪಾಯವನ್ನು ಒದಗಿಸಿತು. ಕೃತಿಸ್ವಾಮ್ಯದ ಕಾನೂನನ್ನೇ ಆಧಾರವಾಗಿಟ್ಟುಕೊಂಡು, ತಿದ್ದಿದ ಪ್ರತಿಯನ್ನು ಹಂಚುವವನು ಅದರ ಆಕರವನ್ನೂ ಅವೇ ಷರತ್ತುಗಳ ಮೇಲೆ ಕೊಡಬೇಕೆಂದು ಅದು ವಿಧಿಸಿತು. ಬೀಗ ಹಾಕಲು ಇದ್ದ ಸಾಧನವೇ ಬಾಗಿಲನ್ನು ತೆರೆದಿಡಲು ನೆರವಾಯಿತು!

ಗ್ನೂ ವ್ಯವಸ್ಥೆಗೆ ಕರ್ನಲ್ ಎಂಬ ತಿರುಳಿನ ಕೊರತೆಯಿತ್ತು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸನು ರಚಿಸಿದ ಲಿನಕ್ಸ್ ಆ ಕೊರತೆಯನ್ನು ತುಂಬಿತು. 1992ರಲ್ಲಿ ಅದೂ ಜಿ.ಪಿ.ಎಲ್. ಅಡಿಗೆ ಬಂದಿತು. 2017ರ ನವೆಂಬರಿನ ಪಟ್ಟಿಯಲ್ಲಿ ಜಗತ್ತಿನ ಅತಿ ವೇಗದ 500 ಗಣಕಗಳೂ ಲಿನಕ್ಸ್ ಆಧಾರದ ಮೇಲೆಯೇ ನಡೆಯುತ್ತಿದ್ದುವು. 1998ರಲ್ಲಿ ಕ್ರಿಸ್ಟೀನ್ ಪೀಟರ್‌ಸನ್ ಎಂಬ ಮಹಿಳೆ ಸೂಚಿಸಿದ 'ಓಪನ್ ಸೋರ್ಸ್' ಎಂಬ ಹೆಸರು ಬಳಕೆಗೆ ಬಂದಿತು. ಸ್ಟಾಲ್‌ಮನ್ನನ ಪಕ್ಷವು ನೀತಿಗೆ ಪ್ರಾಧಾನ್ಯ ಕೊಟ್ಟರೆ, ಈ ಪಕ್ಷವು ಹಲವರು ಕೂಡಿ ಮಾಡಿದ ಕೆಲಸದ ಗುಣಕ್ಕೆ ಪ್ರಾಧಾನ್ಯ ಕೊಟ್ಟಿತು.

ಆಕರವು ತೆರೆದಿದ್ದರೆ ದೋಷಗಳು ತಾವಾಗಿಯೇ ಅಳಿಯುವುವೆಂದು ಮಾತ್ರ ಭಾವಿಸಬಾರದು. ಅಂತರಜಾಲದ ಗುಟ್ಟುಗಳನ್ನು ಕಾಯುವ ಓಪನ್ ಎಸ್.ಎಸ್.ಎಲ್. ಎಂಬ ಮುಕ್ತ ತಂತ್ರಾಂಶದಲ್ಲಿ 2012ರಲ್ಲಿ ಬಿಡುಗಡೆಯಾದ ಆವೃತ್ತಿಯ ಘೋರ ದೋಷವೊಂದು ಬಯಲಿಗೆ ಬಂದದ್ದು 2014ರಲ್ಲಿ. ಎಲ್ಲರೂ ಓದಬಹುದಾಗಿದ್ದ ಪುಟವನ್ನು ಎಚ್ಚರದಿಂದ ಓದಿದವರು ವಿರಳವಾಗಿದ್ದರು.

ವಿಜ್ಞಾನದಲ್ಲಿ ಒಬ್ಬನು ಕಂಡುದನ್ನು ಮತ್ತೊಬ್ಬನು ಪರೀಕ್ಷಿಸಿ ನೋಡದ ಹೊರತು ಅದು ಸಿದ್ಧಾಂತವೆನಿಸದು. ಇಂದು ಅಳತೆ, ಗಣನೆಗಳೆಲ್ಲ ತಂತ್ರಾಂಶದ ಮೂಲಕವೇ ನಡೆಯುತ್ತಿರುವಾಗ, ಅದರ ಆಕರವು ಮುಚ್ಚಿದ್ದರೆ ಆ ಪರೀಕ್ಷೆ ಅಪೂರ್ಣವೇ ಸರಿ. ನಮ್ಮ ನುಡಿಗೂ ಇದರಿಂದ ಪ್ರಯೋಜನವುಂಟು: ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳು ಮುಕ್ತವಾಗಿ ದೊರೆಯುತ್ತವೆ. ಆಸಕ್ತ ವಿದ್ಯಾರ್ಥಿಯು ಇಂಥ ಒಂದು ಚಿಕ್ಕ ತಂತ್ರಾಂಶದ ಆಕರವನ್ನು ತೆರೆದು ಓದಲಿ. ಓದುವವರಿದ್ದರೆ ಮಾತ್ರವೇ ಓದುವ ಸ್ವಾತಂತ್ರ್ಯವು ಸಾರ್ಥಕವಾಗುವುದು.