ಗೇಮ್ ಕೆಟ್ಟದ್ದು ಅಂದ್ರ ಕೇಸ್ ಹಾಕಬಹುದೇನು?

ನಮ್ಮ ಕನ್ನಡ ಬಳಗದಾಗ ಈಗ ಎರಡು ಪಂಗಡ ಅವ. ಒಂದು ಗೇಮ್ ಕಟ್ಟೋರದು, ಇನ್ನೊಂದು ಆ ಗೇಮ್ ಆಡಿ ವಿಮರ್ಶೆ ಬರೆಯೋರದು. ಯಾದಗಿರಿಯವರು, ಶಹಾಪುರದವರು, ಸುರಪುರದವರು ಎರಡೂ ಕಡೆ ಹಂಚಿಹೋಗಿದ್ದಾರೆ. ಹೋದ ಸಂಚಿಕೆಯ ವಿಮರ್ಶೆ ಓದಿದ ಮೇಲೆ ಕಟ್ಟೋರ ಕಡೆಯಿಂದ ಒಂದು ಪ್ರಶ್ನೆ ಬಂತು: "ಹಿಂಗೆಲ್ಲ ಬರದ್ರ ಮಾನನಷ್ಟ ಆಗಂಗಿಲ್ಲೇನು?" ಬರೆಯೋರ ಕಡೆಯಿಂದ ಮರುಪ್ರಶ್ನೆ: "ಕೆಟ್ಟ ಗೇಮಿಗೆ ಕೆಟ್ಟದ್ದು ಅನ್ನಲಿಕ್ಕೂ ಹೆದರಬೇಕೇನು?" ಇಂಥ ಜಗಳ ಕೋರ್ಟಿನ ತನಕ ಹೋದದ್ದು ಉಂಟು. ಈ ಸಲದ ಅಭ್ಯಾಸಕ್ಕೆ ಅವನ್ನೇ ತಗೊಂಡೇವಿ.

ನಮಗೆ ಹತ್ತಿರದ್ದು 2020ರ ಕೇಸು. ವೈಟ್‌ಹ್ಯಾಟ್ ಜೂನಿಯರ್ ಅಂತ ಒಂದು ಕಂಪನಿ. ಸಣ್ಣ ಮಕ್ಕಳಿಗೆ ಕೋಡಿಂಗ್ ಕಲಿಸಿ, ಅವರ ಕೈಯಿಂದಲೇ ಗೇಮು, ಆಪು ಮಾಡಿಸ್ತೀವಿ ಅನ್ನೋದು ಅದರ ಮಾತು. ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಬೈಜೂಸ್ ಅದನ್ನು 30 ಕೋಟಿ ಡಾಲರಿಗೆ ಕೊಂಡಿತು. ಲಾಕ್‌ಡೌನ್ ಕಾಲ, ಮಕ್ಕಳೆಲ್ಲ ಮೊಬೈಲ್ ಮುಂದೆ. ಎಲ್ಲಿ ನೋಡಿದರೂ ಇವರದೇ ಜಾಹೀರಾತು. ಅದರಾಗ ವುಲ್ಫ್ ಗುಪ್ತ ಅನ್ನೋ ಹುಡುಗ ಕೋಡಿಂಗ್ ಕಲಿತು ಗೂಗಲ್‌ನಲ್ಲಿ ಕೋಟಿಗಟ್ಟಲೆ ಸಂಬಳದ ಕೆಲಸ ಹಿಡಿದಿದ್ದ. ಒಂದು ಜಾಹೀರಾತಿನಾಗ ಅವನ ವಯಸ್ಸು ಒಂದು, ಇನ್ನೊಂದರಾಗ ಇನ್ನೊಂದು. ಸಂಬಳವೂ ಹಂಗೇ ಏರ್ತಾ ಇಳೀತಾ ಇತ್ತು. ಕಡೆಗೆ ಗೊತ್ತಾದದ್ದೇನಂದ್ರ, ಅಂಥ ಹುಡುಗನೇ ಇರಲಿಲ್ಲ, ಜಾಹೀರಾತಿಗಂತ ಹುಟ್ಟಿಸಿದ ಹೆಸರು. ಕಂಪನಿಯ ಐದು ಜಾಹೀರಾತು ನಿಯಮಕ್ಕೆ ಹೊಂದುವುದಿಲ್ಲ ಅಂತ ಜಾಹೀರಾತು ಮಾನದಂಡ ಮಂಡಳಿಯೂ ಅದೇ ಅಕ್ಟೋಬರಿನಲ್ಲಿ ಹೇಳಿತು.

ಇದನ್ನೆಲ್ಲ ಬಿಡದೆ ಟೀಕಿಸಿದವರು ಪ್ರದೀಪ್ ಪೂನಿಯಾ ಅನ್ನೋ ಸಾಫ್ಟ್‌ವೇರ್ ಎಂಜಿನಿಯರ್. ಯೂಟ್ಯೂಬಿನಾಗ "ವೈಟ್‌ಹ್ಯಾಟ್ ಸೀನಿಯರ್" ಅಂತ ಹೆಸರಿಟ್ಟುಕೊಂಡು ವಿಡಿಯೊ ಹಾಕ್ತಿದ್ದರು. ಕಾಪಿರೈಟ್ ದೂರಿನ ಮೇಲೆ ಅವರ ವಿಡಿಯೊಗಳು ಒಂದಾದ ಮೇಲೊಂದು ಹೋದವು, ಅವರು ಮತ್ತೆ ಹಾಕಿದರು. ನವೆಂಬರ್ 2020ರಲ್ಲಿ ಕಂಪನಿ ದಿಲ್ಲಿ ಹೈಕೋರ್ಟಿನಲ್ಲಿ 20 ಕೋಟಿ ರೂಪಾಯಿಯ ಮಾನನಷ್ಟ ದಾವೆ ಹಾಕಿತು. ನ್ಯಾಯಮೂರ್ತಿ ಮುಕ್ತಾ ಗುಪ್ತಾ ಮಧ್ಯಂತರ ಆದೇಶ ಕೊಟ್ಟರು. ಕಂಪನಿಯ ಶಿಕ್ಷಕರ ಗುಣಮಟ್ಟ, ಹಿನ್ನೆಲೆ ಬಗ್ಗೆ ಮಾತಾಡಬಾರದು, ಪಠ್ಯ ಇಳಿಸಿಕೊಳ್ಳಬಾರದು, ಕಂಪನಿಯ ಒಳಗಿನ ಸಂವಹನದೊಳಗ ಕೈ ಹಾಕಬಾರದು ಅಂತ ತಡೆ ಹಾಕಿದರು. 2021ರಲ್ಲಿ ಕಂಪನಿಯೇ ದಾವೆ ವಾಪಸ್ ತಗೊಂಡಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಟೀಕೆ ಮಾನನಷ್ಟ ಹೌದೋ ಅಲ್ಲೋ ಅಂತ ವಿಚಾರಣೆ ಮುಗಿದು ತೀರ್ಪು ಬರಲೇ ಇಲ್ಲ. ಗೆದ್ದವರಿಲ್ಲ, ಸೋತವರಿಲ್ಲ. ಆದರೆ ಅಷ್ಟು ದಿನ ಒಬ್ಬ ಎಂಜಿನಿಯರಿನ ತಲೆ ಮೇಲೆ 20 ಕೋಟಿಯ ಕತ್ತಿ ತೂಗ್ತಿತ್ತು. ನಮ್ಮ ಪ್ರಕಾರ ಇಂಥ ಕೇಸಿನ ನಿಜವಾದ ಪೆಟ್ಟು ತೀರ್ಪಿನಾಗ ಇರಂಗಿಲ್ಲ, ತೀರ್ಪಿಗೆ ಮೊದಲಿನ ಓಡಾಟದಾಗ ಇರ್ತದ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮಿನ ಪ್ರಕಾರ ಮಾನನಷ್ಟದ ದಾವೆಯನ್ನು ಪ್ರತಿವಾದಿ ಇರುವ ಊರಿನಲ್ಲೂ ಹಾಕಬಹುದು, ಮಾನಕ್ಕೆ ಧಕ್ಕೆ ಆದ ಊರಿನಲ್ಲೂ ಹಾಕಬಹುದು. ನೆಟ್ಟಿನಾಗ ಬರೆದದ್ದು ಎಲ್ಲಾ ಊರಿನಾಗೂ ಓದಲಿಕ್ಕೆ ಸಿಗ್ತದ. ಅಂದ್ರ ಶಹಾಪುರದಾಗ ಕುಂತು ಬರೆದವನಿಗೆ ದೂರದ ಕೋರ್ಟಿನಿಂದ ಸಮನ್ಸ್ ಬರಬಹುದು. ಶಹಾಪುರ, ಸುರಪುರದವರಿಗೆ ರೈಲು ಹತ್ತಬೇಕಂದ್ರೂ ಮೊದಲು ಬಸ್ಸಿನಾಗ ಯಾದಗಿರಿಗೆ ಬರಬೇಕು. ದಿಲ್ಲಿ ಆಮೇಲಿನ ಮಾತು.

ಅಮೆರಿಕದಲ್ಲಿ ನಡೆದದ್ದು ನೇರವಾಗಿ ಗೇಮಿನದೇ ಕೇಸು. ಡಿಜಿಟಲ್ ಹೋಮಿಸೈಡ್ ಅನ್ನೋ ಸಣ್ಣ ಸ್ಟುಡಿಯೊ 2014ರಲ್ಲಿ "ದ ಸ್ಲಾಟರಿಂಗ್ ಗ್ರೌಂಡ್ಸ್" ಅಂತ ಗೇಮ್ ತಂದಿತು. ಜಿಮ್ ಸ್ಟರ್ಲಿಂಗ್ ಅನ್ನೋ ವಿಮರ್ಶಕರು ಅದನ್ನು ವರ್ಷದ ಅತಿ ಕೆಟ್ಟ ಗೇಮುಗಳ ಸಾಲಿಗೆ ಹಾಕಿದರು. ಸ್ಟುಡಿಯೊದ ಜೇಮ್ಸ್ ರೋಮೀನ್ 2016ರ ಮಾರ್ಚಿನಲ್ಲಿ ವಕೀಲರಿಲ್ಲದೆ ತಾವೇ ಅರಿಜೋನಾದ ಫೆಡರಲ್ ಕೋರ್ಟಿಗೆ ಹೋಗಿ, ಒಂದು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೇಳಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಸ್ಟೀಮ್ ಅಂಗಡಿಯ ನೂರು ಮಂದಿ ಬಳಕೆದಾರರ ಮೇಲೂ ದಾವೆ ಹಾಕಿದರು. ಗಿರಾಕಿಗಳ ಮೇಲೆಯೇ ಕೇಸು! ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಇವರ ಎಲ್ಲಾ ಗೇಮುಗಳನ್ನೂ ಅಂಗಡಿಯಿಂದ ತೆಗೆದುಹಾಕಿತು. ನೂರು ಮಂದಿ ಮೇಲಿನ ದಾವೆಯನ್ನು ರೋಮೀನ್ ಕೈಬಿಟ್ಟರು. ಸ್ಟರ್ಲಿಂಗ್ ಮೇಲಿನದು 2017ರ ಫೆಬ್ರವರಿಯಲ್ಲಿ, ಮತ್ತೆ ಹಾಕಲು ಬರದಂತೆ ವಜಾ ಆಯಿತು. ಕಟ್ಟೋ ಪಂಗಡದವರು ಇದನ್ನು ಎರಡು ಸಲ ಓದಬೇಕು. ಗೇಮ್ ಕೆಟ್ಟದ್ದು ಅಂದವರಿಂದ ಆ ಸ್ಟುಡಿಯೊ ಅಂಗಡಿ ಬಿಟ್ಟು ಹೋಗಲಿಲ್ಲ, ಕೇಸ್ ಹಾಕಿ ಹೋಯಿತು.

ಈಗ ಕಾನೂನಿಗೆ ಬರೋಣ. ನಮ್ಮಲ್ಲಿ ಮಾನನಷ್ಟಕ್ಕೆ ಎರಡು ದಾರಿ. ಒಂದು ಸಿವಿಲ್, ಅಂದ್ರ ಪರಿಹಾರದ ದುಡ್ಡು ಕೇಳೋದು. ಬರಹ ಪ್ರಕಟವಾದ ಒಂದು ವರ್ಷದೊಳಗ ದಾವೆ ಹಾಕಬೇಕು. ಇನ್ನೊಂದು ಕ್ರಿಮಿನಲ್. ಮೊದಲು ಐಪಿಸಿ 499, 500 ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಆಗಿದೆ. ಎರಡು ವರ್ಷದ ತನಕ ಸಾದಾ ಸಜೆ, ಇಲ್ಲಾ ದಂಡ, ಇಲ್ಲಾ ಎರಡೂ, ಅಥವಾ ಸಮುದಾಯ ಸೇವೆ. ಮಾನನಷ್ಟವನ್ನು ಕ್ರಿಮಿನಲ್ ಅಪರಾಧವಾಗಿ ಇಟ್ಟುಕೊಳ್ಳಬಾರದು ಅಂತ ಸುಬ್ರಮಣಿಯನ್ ಸ್ವಾಮಿ ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2016ರ ಮೇ 13ರಂದು ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ಕಂಪನಿಗೂ ಮಾನ ಉಂಟು ಅಂತ ಕಲಮಿನ ವಿವರಣೆಯಲ್ಲೇ ಅದ.

ಅದೇ ಕಲಮಿನಾಗ ಹತ್ತು ವಿನಾಯಿತಿ ಅವ. ನಮಗೆ ಬೇಕಾದದ್ದು ಆರನೆಯದು. ಪುಸ್ತಕ ಪ್ರಕಟಿಸಿದವನು, ರಂಗದ ಮೇಲೆ ಹಾಡಿದವನು ತನ್ನ ಕೃತಿಯನ್ನು ಜನರ ತೀರ್ಮಾನಕ್ಕೆ ಒಪ್ಪಿಸಿದಂಗ. ಆ ಕೃತಿ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯ ಮಾನನಷ್ಟ ಅಲ್ಲ. ಇದಕ್ಕೆ ಕಾನೂನೇ ಕೊಡೋ ಉದಾಹರಣೆ ಭಾಳ ಚಂದ ಅದ. ಪುಸ್ತಕ ಓದಿ, ಇದು ದಡ್ಡ ಪುಸ್ತಕ, ಬರೆದವನೂ ಅಷ್ಟೇ ಇರಬೇಕು ಅಂದ್ರ ವಿನಾಯಿತಿ ಉಂಟು; ಯಾಕಂದ್ರ ಆ ಮಾತು ಪುಸ್ತಕದಿಂದ ಹುಟ್ಟಿದ್ದು. ಆದರೆ ಆ ಮನುಷ್ಯನೇ ದಡ್ಡ, ಲಂಪಟ, ಅದಕ್ಕೇ ಪುಸ್ತಕ ಹಿಂಗದ, ನನಗೇನೂ ಆಶ್ಚರ್ಯ ಇಲ್ಲ ಅಂದ್ರ ವಿನಾಯಿತಿ ಇಲ್ಲ. ಇಲ್ಲಿ ಮಾತು ಪುಸ್ತಕದಿಂದ ಹೊರಡಲಿಲ್ಲ, ಮನುಷ್ಯನಿಂದ ಹೊರಟಿತು. 1860ರ ಕಾನೂನಿನ ಈ ಗೆರೆ ಮೊಬೈಲ್ ಗೇಮಿಗೂ ಹೊಂದ್ತದ. ಪ್ಲೇ ಸ್ಟೋರಿಗೆ ಗೇಮ್ ಏರಿಸಿದವನೂ ಅದನ್ನು ಜನರ ಮುಂದೆ ಇಟ್ಟವನೇ.

ಒಂದು ಲೆಕ್ಕ ಬಿಡಿಸಿ ನೋಡೋಣ. ಸುರಪುರದ ಕೋಟೆ ಮೇಲೆ ಯಾರೋ ಒಂದು ಗೇಮ್ ಮಾಡ್ಯಾರ ಅಂತ ಇಟ್ಟುಕೊಳ್ರಿ. ವಿಮರ್ಶಕ ನಾಲ್ಕು ಮಾತು ಬರೀತಾನ. "ಆಡ್ತಾ ಆಡ್ತಾ ನಿದ್ದೆ ಬಂತು" — ಅಭಿಪ್ರಾಯ, ಚಿಂತಿಲ್ಲ. "ಮೂರನೇ ಹಂತದಾಗ ಗೇಮ್ ನಿಂತುಬಿಡ್ತದ" — ಇದು ಸಂಗತಿ. ಯಾವ ಫೋನು, ಯಾವ ಆವೃತ್ತಿ ಅಂತ ಬರೆದು ಸ್ಕ್ರೀನ್ ರೆಕಾರ್ಡಿಂಗ್ ಇಟ್ಟುಕೊಂಡ್ರ ಸಾಕು. "ಚಿತ್ರಗಳೆಲ್ಲಾ ಕದ್ದವು" — ಇಲ್ಲಿ ಎಚ್ಚರ ಬೇಕು. ಕಳವು ಅನ್ನೋದು ಆರೋಪ. ಮೂಲ ಚಿತ್ರವನ್ನೂ ಇದನ್ನೂ ಪಕ್ಕ ಪಕ್ಕ ಇಟ್ಟು "ಇವೆರಡೂ ಒಂದೇ ಥರ ಕಾಣ್ತಾವ" ಅಂದ್ರ ಓದುಗರೇ ನೋಡ್ಕೋತಾರ. ಆ ಚಿತ್ರ ದುಡ್ಡು ಕೊಟ್ಟು ತಂದದ್ದೂ ಇರಬಹುದಲ್ಲ? ನಾಲ್ಕನೇದು, "ಈ ಗೇಮ್ ನಿಮ್ಮ ಫೋನ್ ನಂಬರುಗಳನ್ನ ಮಾರ್ಕೋತದ." ಗೇಮ್ ಕಾಂಟ್ಯಾಕ್ಟ್ ಅನುಮತಿ ಕೇಳ್ತದ ಅನ್ನೋದು ಕಣ್ಣಿಗೆ ಕಾಣೋದು, ಮಾರ್ತದ ಅನ್ನೋದು ಊಹೆ. ಕಂಡದ್ದನ್ನಷ್ಟೇ ಬರೀಬೇಕು. ನಮ್ಮ ಸಂಪಾದಕ ಬಳಗ ಈ ನಾಲ್ಕನೇ ಥರದ ವಾಕ್ಯವನ್ನು ಪುರಾವೆ ಇಲ್ಲದೆ ಒಳಗ ಬಿಡಂಗಿಲ್ಲ.

ಕೋರ್ಟುಗಳು ಕೇಸು ಬಂದ ಕೂಡಲೇ ಬಾಯಿ ಮುಚ್ಚಿಸ್ತಾವೇನು? ಯಾವಾಗಲೂ ಇಲ್ಲ. ಇದಕ್ಕೆ ಓದಬೇಕಾದ್ದು ಟಾಟಾ ಸನ್ಸ್ ಮತ್ತು ಗ್ರೀನ್‌ಪೀಸ್ ಕೇಸು. ತಮಾಷೆ ಅಂದ್ರ ಇದರಾಗ ಗೇಮ್ ಮಾಡಿದವರೇ ಟೀಕಾಕಾರರು. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಹಾನಿ ಅಂತ ಗ್ರೀನ್‌ಪೀಸ್ "ಟರ್ಟಲ್ ವರ್ಸಸ್ ಟಾಟಾ" ಅನ್ನೋ ಪ್ಯಾಕ್‌ಮ್ಯಾನ್ ಥರದ ಗೇಮ್ ಹಾಕಿತ್ತು. ಟಾಟಾ 10 ಕೋಟಿ ಪರಿಹಾರವನ್ನೂ, ಗೇಮಿಗೆ ತಡೆಯಾಜ್ಞೆಯನ್ನೂ ಕೇಳಿತು. 2011ರ ಜನವರಿ 28ರಂದು ದಿಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ರವೀಂದ್ರ ಭಟ್ ತಡೆಯಾಜ್ಞೆ ಕೊಡಲಿಲ್ಲ. ಮಾತಾಡಿದವನು ತನ್ನ ಮಾತನ್ನು ಸಮರ್ಥಿಸಿಕೊಳ್ತೀನಿ ಅಂತ ನಿಂತಾಗ, ವಿಚಾರಣೆಗೆ ಮೊದಲೇ ತಡೆ ಹಾಕಲು ಭಾಳ ಗಟ್ಟಿ ಕಾರಣ ಬೇಕು ಅನ್ನೋ 1891ರ ಇಂಗ್ಲೆಂಡಿನ ತೀರ್ಪಿನ ನಿಯಮವನ್ನು ಅವರು ಹಿಡಿದರು. ನೆಟ್ಟಿನ ಮಾತಿಗೆ ಬೇರೆ ಅಳತೆ ಇಲ್ಲ ಅಂತಲೂ ಹೇಳಿದರು. 2024ರ ಮಾರ್ಚಿನಲ್ಲಿ ಬ್ಲೂಮ್‌ಬರ್ಗ್ ಮತ್ತು ಝೀ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದೇ ನಿಯಮ ನೆನಪಿಸಿತು.

ಇಷ್ಟಾದರೂ ನೋಟಿಸ್ ಬಂತು ಅನ್ರಿ. ವಕೀಲರ ನೋಟಿಸ್ ಕೋರ್ಟಿನ ಆದೇಶ ಅಲ್ಲ. ಹಂಗಂತ ಹರಿದು ಒಗೀಬಾರದು, ಸಿಟ್ಟಿನಾಗ ತಾವೇ ಉತ್ತರ ಬರೀಲೂಬಾರದು. ಬರೆದದ್ದರ, ಪುರಾವೆಯ ಪ್ರತಿ ತೆಗೆದಿಟ್ಟು ವಕೀಲರ ಹತ್ತಿರ ಹೋಗಬೇಕು. ಬರೆದದ್ದರಾಗ ತಪ್ಪು ಸಂಗತಿ ಇದ್ದರೆ ಆವತ್ತೇ ತಿದ್ದಿ, ತಿದ್ದಿದ್ದು ಅಂತ ಹಾಕಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದ್ರ ಯಾದಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅದ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಕೇಳಬಹುದು. ಉಳಿದವರಲ್ಲಿ ಹಲವರಿಗೆ ಆದಾಯದ ಮಿತಿ ಅದ. ಅರ್ಜಿ ಹಾಕೋವಾಗ ನೋಟಿಸಿನ ಲಕೋಟೆಯನ್ನೂ ಜೋಡಿ ಒಯ್ಯಿರಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಬೇಕಾಗ್ತದ.